ನಿಯಮ ಯಾರಿಗೆ ಸಡಿಲವಾಗುತ್ತದೆ: ಒಂದು ಆಹಾರ ವಿತರಣಾ ಕೇಂದ್ರದ ಪ್ರಕರಣ ಅಧ್ಯಯನ

ಈ ಪ್ರಕರಣ ಅಮೆರಿಕದ ಮಿನಿಸೋಟ ರಾಜ್ಯದ ಅವಳಿ ನಗರಗಳಾದ ಮಿನಿಯಾಪೊಲಿಸ್–ಸೇಂಟ್ ಪಾಲ್ ಪ್ರದೇಶದ ಒಂದು ಸಮುದಾಯ ಸಂಸ್ಥೆಗೆ ಸಂಬಂಧಿಸಿದ್ದು. ಬಡ ಕುಟುಂಬಗಳಿಗೆ ಉಚಿತವಾಗಿ ದಿನಸಿ ಹಂಚುವ ಇಂಥ ಕೇಂದ್ರಗಳನ್ನು ಅಲ್ಲಿಯ ಜನ ಫುಡ್ ಶೆಲ್ಫ್ ಎಂದು ಕರೆಯುತ್ತಾರೆ. ಜನಾಂಗೀಯ ಸಮಾನತೆಯ ವಿಷಯದಲ್ಲಿ ಸಮುದಾಯ ಸಂಸ್ಥೆಗಳಿಗೆ ಸಲಹೆ ನೀಡುವ ಸಣ್ಣದೊಂದು ತಂಡದಲ್ಲಿದ್ದುಕೊಂಡು ನಾನು ಈ ಸಂಸ್ಥೆಯ ಜೊತೆ ಕೆಲಸ ಮಾಡಿದೆ. ಸಂಸ್ಥೆಯ ಹೆಸರನ್ನೂ ನೆರೆಹೊರೆಯನ್ನೂ ಬಿಟ್ಟಿದ್ದೇನೆ. ವ್ಯಕ್ತಿಗಳ ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಯಾವ ನಿರ್ಧಾರ ಯಾವುದರ ನಂತರ ಬಂತು ಎಂಬುದನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಕಲಿಯಬೇಕಾದದ್ದು ಆ ಕ್ರಮದಲ್ಲೇ ಇದೆ. ಅಮೆರಿಕದಲ್ಲಿ ನೆಲೆಸಿ ಇಂಥ ಸಂಸ್ಥೆಗಳಿಗೆ ಹಣವನ್ನೋ ಸಮಯವನ್ನೋ ಕೊಡುತ್ತಿರುವ ಕನ್ನಡಿಗರಿಗೂ, ಕರ್ನಾಟಕದಲ್ಲಿ ಸೇವಾ ಸಂಸ್ಥೆಗಳನ್ನು ನಡೆಸುತ್ತಿರುವವರಿಗೂ ಇದು ಉಪಯೋಗಕ್ಕೆ ಬರಬಹುದೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಸಂಸ್ಥೆ ಹುಟ್ಟಿದ್ದು 1980ರ ದಶಕದ ಆರಂಭದ ಆರ್ಥಿಕ ಹಿಂಜರಿತದ ದಿನಗಳಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಸರ್ಕಾರದ ಉಗ್ರಾಣಗಳಲ್ಲಿ ರಾಶಿ ಬಿದ್ದಿದ್ದ ಚೀಸ್, ಬೆಣ್ಣೆ, ಹಾಲಿನ ಪುಡಿಯನ್ನು ಬಡವರಿಗೆ ಹಂಚಲೆಂದು 1981ರಲ್ಲಿ ತಾತ್ಕಾಲಿಕವಾಗಿ ಆರಂಭವಾದ ಯೋಜನೆಯೇ ಮುಂದೆ ಟೆಫ್ಯಾಪ್ ಎಂಬ ಹೆಸರಿನಲ್ಲಿ ಕಾಯಂ ಆಯಿತು. ಅಮೆರಿಕದ ಅಸಂಖ್ಯ ಫುಡ್ ಶೆಲ್ಫ್‌ಗಳ ಹಾಗೆ ಈ ಸಂಸ್ಥೆಯೂ ಆ ಸರಬರಾಜನ್ನೂ ದಾನಿಗಳ ನೆರವನ್ನೂ ನಂಬಿ ಬೆಳೆಯಿತು. ಆರಂಭಿಸಿದವರು ಬಿಳಿಯ ಮಧ್ಯಮ ವರ್ಗದ ನಿವೃತ್ತರು. ನಾಲ್ಕು ದಶಕಗಳಾದ ಮೇಲೂ ಸ್ವಯಂಸೇವಕರಲ್ಲಿ ಹೆಚ್ಚಿನವರು ಅಂಥವರೇ ಆಗಿದ್ದರು. ಬಾಗಿಲಿಗೆ ಬರುವವರು ಮಾತ್ರ ಬದಲಾಗಿದ್ದರು: ಆಫ್ರಿಕನ್ ಅಮೆರಿಕನ್ ಕುಟುಂಬಗಳು, ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಮೋಂಗ್ ಜನರು, ಸೊಮಾಲಿಯಾದವರು, ಮ್ಯಾನ್ಮಾರ್‌ನ ಕರೆನ್ ಜನರು, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಿಂದ ಬಂದವರು.

ಈ ಬದಲಾವಣೆ ತಾನಾಗಿ ಆದದ್ದಲ್ಲ. ಮಿನಿಯಾಪೊಲಿಸ್‌ನಲ್ಲಿ 1910ರಷ್ಟು ಹಿಂದೆಯೇ ಮನೆಯ ಕ್ರಯಪತ್ರಗಳಲ್ಲಿ ಈ ಆಸ್ತಿಯನ್ನು ಕಪ್ಪು ಜನರಿಗಾಗಲಿ ಏಷ್ಯನ್ನರಿಗಾಗಲಿ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಷರತ್ತುಗಳನ್ನು ಬರೆಯುತ್ತಿದ್ದರು. 1930ರ ದಶಕದಲ್ಲಿ ಸರ್ಕಾರಿ ಗೃಹಸಾಲ ಸಂಸ್ಥೆ ಅಮೆರಿಕದ ನಗರಗಳ ನಕ್ಷೆ ಬರೆಸಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಅವನ್ನು ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತಾದರೂ, ವಸತಿಯಲ್ಲಿನ ತಾರತಮ್ಯವನ್ನು ರಾಷ್ಟ್ರಮಟ್ಟದ ಕಾನೂನು ನಿಷೇಧಿಸಲು 1968ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸೇಂಟ್ ಪಾಲ್‌ನ ರಾಂಡೋ ಎಂಬ ಕಪ್ಪು ಜನರ ಬಡಾವಣೆಯ ನಡುವಿನಿಂದ ಹೆದ್ದಾರಿ ಹಾದುಹೋಗಿ, 600ಕ್ಕೂ ಹೆಚ್ಚು ಕುಟುಂಬಗಳು ಮನೆ ಕಳೆದುಕೊಂಡಿದ್ದವು. ನಗರದ ಮೇಯರ್ ಮತ್ತು ರಾಜ್ಯದ ಸಾರಿಗೆ ಇಲಾಖೆಯ ಮುಖ್ಯಸ್ಥರು ಇದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2015ರಲ್ಲಿ. ಕೇಂದ್ರದ ಸರದಿಯಲ್ಲಿ ಯಾರು ನಿಲ್ಲುತ್ತಾರೆ, ಮೇಜಿನ ಈಚೆ ಯಾರು ಕೂರುತ್ತಾರೆ ಎಂಬುದರ ಹಿಂದೆ ಈ ಚರಿತ್ರೆಯಿದೆ. ಅದನ್ನು ತಿಳಿಯದೆ ಸಲಹೆ ಕೊಡಲು ಹೋಗುವುದು ವ್ಯರ್ಥ. ಆದರೆ ಅದನ್ನು ತಿಳಿಸಿಬಿಟ್ಟರೆ ಸಾಕು ಎಂಬ ನಂಬಿಕೆಯೂ ಅಷ್ಟೇ ವ್ಯರ್ಥ ಎಂಬುದು ಈ ಪ್ರಕರಣದಲ್ಲಿ ಬೇಗನೆ ಗೊತ್ತಾಯಿತು.

ಸಮಸ್ಯೆ ಎದುರಿಗೆ ಬಂದದ್ದು

2020ರ ಮೇ 25ರಂದು ಮಿನಿಯಾಪೊಲಿಸ್‌ನ ಬೀದಿಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯನ್ನು ಮೊಣಕಾಲಿನಿಂದ ಒತ್ತಿಹಿಡಿದು ಕೊಂದರು. ಅದರ ಮರುವಾರಗಳಲ್ಲಿ ಅಂಗಡಿಗಳು ಸುಟ್ಟುಹೋಗಿ ಹಲವು ಬಡಾವಣೆಗಳಲ್ಲಿ ದಿನಸಿ ಸಿಗುವುದೇ ಕಷ್ಟವಾಯಿತು. ಕೊರೊನಾ ಸೋಂಕಿನಿಂದ ಕೆಲಸ ಕಳೆದುಕೊಂಡವರೂ ಸೇರಿ ಸರದಿ ಬೆಳೆಯಿತು, ದಾನವೂ ಹರಿದುಬಂತು. ಸಂಸ್ಥೆ ವರ್ಣಭೇದವನ್ನು ಖಂಡಿಸುವ ಹೇಳಿಕೆ ಪ್ರಕಟಿಸಿತು. ಜನಾಂಗೀಯ ಸಮಾನತೆಗೆಂದೇ ಮೀಸಲಾದ ಅನುದಾನವೊಂದು ಖಾಸಗಿ ಪ್ರತಿಷ್ಠಾನದಿಂದ ಬಂದಾಗ ಅದನ್ನು ಮೊದಲು ಖರ್ಚು ಮಾಡಿದ್ದು ಒಂದು ದಿನದ ಕಡ್ಡಾಯ ತರಬೇತಿಗೆ.

ನಾವು ಹೋಗುವ ಹೊತ್ತಿಗೆ ಆ ತರಬೇತಿ ಮುಗಿದು ಕೆಲವು ತಿಂಗಳುಗಳಾಗಿದ್ದವು. ಎಲ್ಲರನ್ನೂ ಪ್ರತ್ಯೇಕವಾಗಿ ಮಾತನಾಡಿಸಿದಾಗ ಎರಡು ಬಗೆಯ ನೋವುಗಳು ಕೇಳಿಬಂದವು. ತಾವು ವರ್ಷಗಟ್ಟಲೆ ಮಾಡಿದ ಸೇವೆಯನ್ನು ಒಂದೇ ದಿನದಲ್ಲಿ ಅಪರಾಧವೆಂದು ತೀರ್ಮಾನಿಸಿದರು ಎಂಬುದು ಹಿರಿಯ ಸ್ವಯಂಸೇವಕರ ನೋವು. ಸಂಸ್ಥೆಯಲ್ಲಿದ್ದ ಇಬ್ಬರು ಕಪ್ಪು ಉದ್ಯೋಗಿಗಳದ್ದು ಬೇರೆಯೇ ನೋವು: ಸಹೋದ್ಯೋಗಿಗಳ ಕಲಿಕೆಗಾಗಿ ತಮ್ಮ ಬದುಕಿನ ಅವಮಾನಗಳನ್ನು ಹೇಳಿಕೊಳ್ಳುವಂತೆ ಅವರನ್ನು ಕೇಳಲಾಗಿತ್ತು, ಅವರು ಹೇಳಿದ್ದರು, ಮರುದಿನ ಎಂದಿನಂತೆ ಕೆಲಸ ಶುರುವಾಗಿತ್ತು. ಅಮೆರಿಕದ ಕಂಪನಿಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಅವರು, ಕಡ್ಡಾಯ ತರಬೇತಿಯಿಂದ ಮೇಲಿನ ಹುದ್ದೆಗಳಲ್ಲಿ ಅಲ್ಪಸಂಖ್ಯಾತರ ಪ್ರಮಾಣ ಹೆಚ್ಚುವುದಿಲ್ಲ, ಕೆಲವೊಮ್ಮೆ ಕುಗ್ಗುವುದೂ ಉಂಟು ಎಂದು ತೋರಿಸಿದ್ದಾರೆ. ಈ ಸಂಸ್ಥೆಯಲ್ಲಿ ಕುಗ್ಗಿದ್ದು ಪರಸ್ಪರ ಮಾತು. ಆಡಳಿತ ಮಂಡಳಿ ನಮ್ಮನ್ನು ಕರೆಸಿದ್ದು ಇನ್ನೊಂದು ತರಬೇತಿ, ಈ ಸಲ ಸೌಮ್ಯವಾದದ್ದು, ಮಾಡಿಕೊಡಿ ಎಂದು. ನಾವು ಅದನ್ನು ಒಪ್ಪಲಿಲ್ಲ. ಜನರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಮೊದಲು ಬಾಗಿಲಲ್ಲಿ ಏನಾಗುತ್ತಿದೆ ಎಂದು ನೋಡಲು ಅವಕಾಶ ಕೊಡಿ ಎಂದು ಕೇಳಿದೆವು.

ಬಾಗಿಲಲ್ಲಿ ಮೂರು ನಿಯಮಗಳಿದ್ದವು. ಈ ಪ್ರದೇಶದ ವಿಳಾಸವಿರುವ ದಾಖಲೆ ತೋರಿಸಬೇಕು. ಒಂದು ವಿಳಾಸಕ್ಕೆ ತಿಂಗಳಿಗೊಂದು ಸಲ ಮಾತ್ರ ದಿನಸಿ. ಕೊಡುವುದು ಮೊದಲೇ ಕಟ್ಟಿಟ್ಟ ಚೀಲ. ಮೂರರಲ್ಲೂ ಜನಾಂಗದ ಪ್ರಸ್ತಾಪವಿಲ್ಲ. ಆದರೆ ಬಂಧುಗಳ ಮನೆಯ ಒಂದು ಕೋಣೆಯಲ್ಲಿ ಉಳಿದುಕೊಂಡ ಕುಟುಂಬದ ಹೆಸರಿನಲ್ಲಿ ವಿದ್ಯುತ್ ಬಿಲ್ಲು ಬರುವುದಿಲ್ಲ. ಒಂದೇ ಸೂರಿನಡಿ ಅಣ್ಣತಮ್ಮಂದಿರ ಎರಡು ಸಂಸಾರಗಳಿದ್ದ ಸೊಮಾಲಿ ಅಥವಾ ಮೋಂಗ್ ಮನೆಗೆ ಸಿಗುತ್ತಿದ್ದದ್ದು ಒಂಟಿ ವೃದ್ಧರೊಬ್ಬರಿಗೆ ಸಿಗುವಷ್ಟೇ ಸರದಿ. ಚೀಲದಲ್ಲಿ ಹಂದಿಮಾಂಸದ ಡಬ್ಬಿಯಿದ್ದರೆ ಮುಸ್ಲಿಂ ಕುಟುಂಬಕ್ಕೆ ಅದು ಹೊರೆ. ಟೆಫ್ಯಾಪ್‌ನ ಆದಾಯದ ಷರತ್ತಿಗೆ ಅನೇಕ ಕಡೆ ಅರ್ಜಿದಾರರ ಸ್ವಂತ ಹೇಳಿಕೆಯೇ ಸಾಕಾಗುತ್ತದೆ. ಬಿಲ್ಲು ತರಬೇಕೆಂಬುದು ಈ ಸಂಸ್ಥೆ ತಾನಾಗಿ ಸೇರಿಸಿಕೊಂಡ ನಿಯಮವಾಗಿತ್ತು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕಲಬುರಗಿ, ರಾಯಚೂರು ಕಡೆಯಿಂದ ಬಂದು, ರೇಷನ್ ಕಾರ್ಡ್ ಊರಿನ ವಿಳಾಸದಲ್ಲಿದೆ ಎಂಬ ಕಾರಣಕ್ಕೆ ದುಡಿಯುವ ಜಾಗದಲ್ಲಿ ಅಕ್ಕಿ ಸಿಗದೆ ಒದ್ದಾಡಿದ ಕುಟುಂಬಗಳನ್ನು ಕಂಡವರಿಗೆ ವಿಳಾಸದ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಎಣಿಕೆಯ ನಿರ್ಧಾರ

ಪ್ರಕರಣದ ಮೊದಲ ತಿರುವು ಒಂದು ಚೀಟಿ. ಯಾರನ್ನಾದರೂ ಬರಿಗೈಯಲ್ಲಿ ಕಳಿಸಿದರೆ, ಯಾವ ನಿಯಮದ ಕಾರಣಕ್ಕೆ ಎಂದು ಬರೆಯಬೇಕು. ಬಂದವರು ಒಪ್ಪಿದರೆ ಅವರೇ ಹೇಳಿದ ಜನಾಂಗ ಮತ್ತು ಮನೆಮಾತನ್ನು ಹೆಸರಿಲ್ಲದೆ ಗುರುತಿಸಿಕೊಳ್ಳಬೇಕು. ಇದರ ಜೊತೆಗೆ ನಾವು ಇನ್ನೊಂದು ಸಾಲು ಸೇರಿಸಲು ಹಟ ಹಿಡಿದೆವು: ನಿಯಮವನ್ನು ಸಡಿಲಿಸಿ ದಿನಸಿ ಕೊಟ್ಟಿದ್ದರೆ ಅದನ್ನೂ ಕಾರಣಸಹಿತ ಬರೆಯಬೇಕು. ಸಂಸ್ಥೆಗಳು ತಾವು ನಿರಾಕರಿಸಿದ್ದರ ಲೆಕ್ಕವನ್ನೇ ಇಡುವುದು ಅಪರೂಪ. ತಾವು ತೋರಿದ ಕರುಣೆಯ ಲೆಕ್ಕ ಇಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿರೋಧ ತೀವ್ರವಾಗಿತ್ತು. ಜನಾಂಗವನ್ನು ಕೇಳುವುದೇ ಭೇದವನ್ನು ಬೆಳೆಸುತ್ತದೆ, ನಾವು ಎಲ್ಲರನ್ನೂ ಮನುಷ್ಯರಂತೆ ನೋಡುತ್ತೇವೆ ಎಂಬುದು ಸ್ವಯಂಸೇವಕರ ವಾದ. ಇದು ಪ್ರಾಮಾಣಿಕವಾದ ವಾದ, ಕನ್ನಡಿಗರಿಗೆ ತೀರ ಪರಿಚಿತವಾದದ್ದು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿ ಸರ್ಕಾರಿ ಹುದ್ದೆಗಳು ಯಾವ ಸಮುದಾಯಗಳ ಕೈಯಲ್ಲಿವೆ ಎಂದು ಕೇಳಿದಾಗಿನಿಂದ ಹಿಡಿದು 2015ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯವರೆಗೆ ಕರ್ನಾಟಕದಲ್ಲಿ ಎಣಿಕೆಯ ಸುತ್ತ ನಡೆದ ಜಗಳ ಬಹುಮಟ್ಟಿಗೆ ಇದೇ. ನನ್ನ ನಿಲುವು ಸ್ಪಷ್ಟ: ಎಣಿಸದಿದ್ದರೆ ಭೇದ ಇಲ್ಲವಾಗುವುದಿಲ್ಲ, ಅದರ ಸಾಕ್ಷ್ಯ ಮಾತ್ರ ಇಲ್ಲವಾಗುತ್ತದೆ. ಆದರೂ ಭಯಗಳಲ್ಲಿ ಒಂದು ನಿಜವಾಗಿತ್ತು. 2019ರಲ್ಲಿ ಹೊರಬಿದ್ದ ಅಮೆರಿಕದ ಕೇಂದ್ರ ಸರ್ಕಾರದ ನಿಯಮವೊಂದು, ಸರ್ಕಾರಿ ನೆರವು ಪಡೆದ ವಲಸಿಗರಿಗೆ ಕಾಯಂ ವಾಸದ ಹಕ್ಕು ಸಿಗದೆ ಹೋಗಬಹುದು ಎಂಬ ಹೆದರಿಕೆ ಹುಟ್ಟಿಸಿತ್ತು. 2021ರಲ್ಲಿ ಅದು ರದ್ದಾಗಿದ್ದರೂ, ಫುಡ್ ಶೆಲ್ಫ್‌ಗೆ ಅದು ಅನ್ವಯಿಸಿಯೇ ಇರಲಿಲ್ಲವಾದರೂ, ಹೆದರಿಕೆ ಉಳಿದಿತ್ತು. ಆದ್ದರಿಂದ ಚೀಟಿಯಲ್ಲಿ ಹೆಸರು, ವಿಳಾಸ, ಪೌರತ್ವ ಯಾವುದೂ ಇರಕೂಡದು ಎಂದು ಬರಹದಲ್ಲೇ ನಿರ್ಧರಿಸಲಾಯಿತು.

ಚೀಟಿಗಳನ್ನು ಒಟ್ಟುಗೂಡಿಸುವವರು ಯಾರು ಎಂಬ ಪ್ರಶ್ನೆ ಬಂತು. ನಾವು ಮಾಡಬಹುದಿತ್ತು, ಒಪ್ಪಂದದಲ್ಲಿ ಅದಕ್ಕೆ ಹಣವೂ ಇತ್ತು. ಬದಲಿಗೆ ಸ್ವಯಂಸೇವಕರ ಹಿರಿಯ ಸಂಯೋಜಕಿಗೆ ಅದನ್ನು ವಹಿಸಬೇಕೆಂದು ಸೂಚಿಸಿದೆವು. ನಿವೃತ್ತ ಶಿಕ್ಷಕಿಯಾದ ಆಕೆ ದಶಕಗಳಿಂದ ಇಲ್ಲಿದ್ದವರು, ತರಬೇತಿಯಿಂದ ಹೆಚ್ಚು ನೊಂದವರಲ್ಲಿ ಒಬ್ಬರು, ಚೀಟಿಯ ಯೋಜನೆಗೂ ವಿರುದ್ಧವಾಗಿದ್ದವರು. ವಿರೋಧಿಗೇ ಲೆಕ್ಕ ಒಪ್ಪಿಸುವುದು ಅಪಾಯವೆಂದು ನಮ್ಮ ತಂಡದಲ್ಲೇ ಭಿನ್ನಾಭಿಪ್ರಾಯವಿತ್ತು. ಆದರೆ ಆಕೆಯ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಹೊರಗಿನವರು ತಂದ ಅಂಕಿಗಳನ್ನು ಆ ಕೇಂದ್ರ ಮತ್ತೊಮ್ಮೆ ಆರೋಪವೆಂದೇ ಕೇಳಿಸಿಕೊಳ್ಳುತ್ತಿತ್ತು.

ಆಕೆ ಕಂಡುಕೊಂಡದ್ದು ನಾವು ಊಹಿಸಿದ್ದಕ್ಕಿಂತ ಸೂಕ್ಷ್ಮವಾಗಿತ್ತು. ನಿಯಮಗಳು ಕಟುವಾಗಿದ್ದವು ಎನ್ನುವುದಕ್ಕಿಂತ, ಅವು ಎಲ್ಲರಿಗೂ ಕಟುವಾಗಿರಲಿಲ್ಲ ಎನ್ನುವುದು ಮುಖ್ಯವಾಗಿತ್ತು. ದಾಖಲೆ ಮರೆತುಬಂದವರಲ್ಲಿ ಬಹಳಷ್ಟು ಜನರಿಗೆ ದಿನಸಿ ಸಿಕ್ಕಿತ್ತು. ಕಾರಣದ ಜಾಗದಲ್ಲಿ ಪರಿಚಯದವರು, ವರ್ಷಗಳಿಂದ ಬರುವವರು, ಚರ್ಚಿನವರು ಎಂಬ ಮಾತುಗಳು ಮತ್ತೆ ಮತ್ತೆ ಬಂದಿದ್ದವು. ಹೀಗೆ ಸಡಿಲಿಕೆ ಪಡೆದವರಲ್ಲಿ ಬಿಳಿಯ ವೃದ್ಧರು ಹೆಚ್ಚು, ಜೊತೆಗೆ ಹಳೆಯ ಪರಿಚಯದ ಕೆಲವು ಕಪ್ಪು ಅಜ್ಜಿಯರೂ ಇದ್ದರು. ನಿಯಮ ಅಕ್ಷರಶಃ ಅನ್ವಯವಾದದ್ದು ಎಳೆಯ ವಯಸ್ಸಿನ ಕಪ್ಪು ತಂದೆತಾಯಿಗಳಿಗೆ, ಇಂಗ್ಲಿಷ್ ಸರಿಯಾಗಿ ಬಾರದ ಹೊಸಬರಿಗೆ. ಯಾರೂ ಯಾರನ್ನೂ ದ್ವೇಷಿಸಿರಲಿಲ್ಲ. ಗುರುತಿದ್ದವರ ಮೇಲಿನ ಪ್ರೀತಿಯೇ ಗುರುತಿಲ್ಲದವರ ಪಾಲಿಗೆ ಬಾಗಿಲು ಮುಚ್ಚಿತ್ತು, ಮತ್ತು ಯಾರ ಗುರುತು ಯಾರಿಗೆ ಇರುತ್ತದೆ ಎಂಬುದನ್ನು ಆ ನಗರದ ವಸತಿ ಚರಿತ್ರೆ ಬಹಳ ಹಿಂದೆಯೇ ತೀರ್ಮಾನಿಸಿಟ್ಟಿತ್ತು. ಸಂಯೋಜಕಿ ಇದನ್ನು ಸ್ವಯಂಸೇವಕರ ಸಭೆಯಲ್ಲಿ ಓದಿ ಹೇಳಿದರು. ಸಡಿಲಿಕೆಯ ಚೀಟಿಗಳಲ್ಲಿ ಎಷ್ಟು ತಮ್ಮದೇ ಕೈಬರಹದಲ್ಲಿವೆ ಎಂಬುದನ್ನೂ ಹೇಳಿದರು. ಆ ಸಭೆಯಲ್ಲಿ ಯಾರೂ ಲೆಕ್ಕವನ್ನು ಪ್ರಶ್ನಿಸಲಿಲ್ಲ.

ಹಳೆಯ ಟಿಪ್ಪಣಿ

ಎರಡನೆಯ ತಿರುವು ಕಡತದಲ್ಲಿ ಸಿಕ್ಕಿತು. ಹಿಂದಿನ ವರ್ಷಗಳ ಸಭಾ ನಡಾವಳಿಗಳನ್ನು ಓದುವಾಗ, ವಿಳಾಸದ ದಾಖಲೆಯನ್ನು ಕೈಬಿಡಬೇಕೆಂದು ಕಾರಣಗಳೊಡನೆ ಕೋರಿದ ಒಂದು ಟಿಪ್ಪಣಿ ಕಂಡಿತು. ಬರೆದವರು ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಕಪ್ಪು ಮಹಿಳೆ, ತರಬೇತಿಯಲ್ಲಿ ತನ್ನ ಅನುಭವ ಹೇಳಿಕೊಂಡಿದ್ದ ಇಬ್ಬರಲ್ಲಿ ಒಬ್ಬರು. ಮಂಡಳಿ ಅದನ್ನು ಗಮನಿಸಲಾಗಿದೆ ಎಂದು ದಾಖಲಿಸಿ ಮುಂದೆ ಸಾಗಿತ್ತು. ಅಂದರೆ ಸಂಸ್ಥೆ ಈಗ ನಮಗೆ ಹಣ ಕೊಟ್ಟು ಕೇಳುತ್ತಿದ್ದುದನ್ನು ಅದರ ಉದ್ಯೋಗಿಯೇ ವರ್ಷಗಳ ಹಿಂದೆ ಹೇಳಿದ್ದರು.

ಈ ವೃತ್ತಿಯಲ್ಲಿರುವವರು ಈ ಸಂಗತಿಯನ್ನು ಪಕ್ಕಕ್ಕಿಡಬಾರದು. ಸಲಹೆಗಾರರ ವರದಿಗೆ ಸಿಗುವ ಗೌರವ ಎಷ್ಟೋ ಸಲ ಒಳಗಿನ ದನಿಗೆ ಸಿಗದೆ ಹೋದ ಗೌರವ. ಟಿಪ್ಪಣಿಯನ್ನು ನಮ್ಮ ಶಿಫಾರಸಾಗಿ ಮಂಡಿಸಿದ್ದರೆ ಅದು ಸುಲಭವಾಗಿ ಅಂಗೀಕಾರವಾಗುತ್ತಿತ್ತು, ಅವಮಾನ ಇನ್ನೊಮ್ಮೆ ನಡೆಯುತ್ತಿತ್ತು. ಆಕೆಯೇ ಮಂಡಿಸಲಿ ಎಂದರೆ ತರಬೇತಿಯ ದಿನದಂತೆ ಹೊರೆ ಮತ್ತೆ ಆಕೆಯ ಮೇಲೆಯೇ ಬೀಳುತ್ತಿತ್ತು. ಆಕೆಯನ್ನೇ ಕೇಳಿದೆವು. ಆಕೆ ಷರತ್ತುಗಳನ್ನು ಹಾಕಿದರು: ತನ್ನ ಸ್ವಂತ ಬದುಕಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ, ನಿಯಮಗಳ ಬಗ್ಗೆ ಮಾತ್ರ ಮಾತನಾಡುತ್ತೇನೆ, ಬಾಗಿಲಿನ ನಿಯಮಗಳನ್ನು ಬರೆಯುವ, ಬದಲಿಸುವ ಅಧಿಕಾರ ಹುದ್ದೆಯ ಭಾಗವಾಗಬೇಕು, ಅದಕ್ಕೆ ತಕ್ಕ ಸಂಬಳ ಮೊದಲು ನಿಗದಿಯಾಗಬೇಕು, ಮಂಡನೆ ಆಮೇಲೆ. ಸಮಾನತೆಯ ಅನುದಾನದಲ್ಲಿ ಉಳಿದಿದ್ದ ಹಣದಿಂದ ನಮ್ಮ ಒಪ್ಪಂದವನ್ನು ಮೊಟಕುಗೊಳಿಸಿ ಆ ಸಂಬಳಕ್ಕೆ ದಾರಿ ಮಾಡಬಹುದೆಂದು ನಾವು ಲಿಖಿತವಾಗಿ ಹೇಳಿದೆವು. ಮಂಡಳಿ ಒಪ್ಪಲು ಎರಡು ಸಭೆಗಳಲ್ಲಿ ಚರ್ಚೆ ನಡೆಯಿತು.

ಆ ಚರ್ಚೆಯಲ್ಲಿ ಅತ್ಯಂತ ಗಟ್ಟಿಯಾಗಿ ವಿರೋಧಿಸಿದವರು ಭಾರತ ಮೂಲದ ಖಜಾಂಚಿ. ತಾನು ಬರಿಗೈಯಲ್ಲಿ ಈ ದೇಶಕ್ಕೆ ಬಂದೆ, ಯಾರೂ ನೆರವಾಗಲಿಲ್ಲ, ದುಡಿದು ಮೇಲೆ ಬಂದೆ, ನಿಯಮಗಳಿಗೆ ಬದ್ಧರಾಗುವುದು ಎಲ್ಲರಿಗೂ ಸಾಧ್ಯ ಎಂಬುದು ಅವರ ಮಾತು. ನಮ್ಮವರಲ್ಲಿ ಈ ಮಾತನ್ನು ನಾನು ಬಹಳ ಕೇಳಿದ್ದೇನೆ, ಅದರ ಹಿಂದಿನ ದುಡಿಮೆಯನ್ನು ಗೌರವಿಸುತ್ತೇನೆ. ಆದರೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಬರಲು ಸಾಧ್ಯವಾದದ್ದು 1965ರ ವಲಸೆ ಕಾಯ್ದೆ ಮೂಲ ದೇಶ ನೋಡಿ ತಾರತಮ್ಯ ಮಾಡುತ್ತಿದ್ದ ಹಳೆಯ ಕೋಟಾಗಳನ್ನು ತೆಗೆದು, ವೃತ್ತಿಪರರಿಗೆ ಆದ್ಯತೆ ಕೊಟ್ಟ ಮೇಲೆ. ನಾಗರಿಕ ಹಕ್ಕುಗಳಿಗಾಗಿ ಕಪ್ಪು ಜನರು ನಡೆಸಿದ ಹೋರಾಟ ಬದಲಿಸಿದ ರಾಜಕೀಯದಲ್ಲೇ ಆ ಕಾಯ್ದೆ ಹುಟ್ಟಿತು. ಬರಿಗೈಯಲ್ಲಿ ಬಂದವರ ಕೈಯಲ್ಲಿ ಪದವಿಯಿತ್ತು, ಆ ಪದವಿಯನ್ನು ನೋಡಿಯೇ ದೇಶ ಅವರನ್ನು ಆರಿಸಿಕೊಂಡಿತ್ತು. ಅದನ್ನು ಅವರ ಜೊತೆ ಖಾಸಗಿಯಾಗಿ ಮಾತನಾಡಿದೆ. ಒಪ್ಪಿದರೆಂದು ಹೇಳಲಾರೆ. ಅವರ ಮತ ಬದಲಾದದ್ದು ಬೇರೆ ದಾರಿಯಿಂದ: ದಾಖಲೆಗಳನ್ನು ಪರೀಕ್ಷಿಸುವುದರಲ್ಲಿ ವಾರಕ್ಕೆ ಎಷ್ಟು ಹೊತ್ತು ಕಳೆಯುತ್ತದೆ ಎಂದು ಅವರೇ ಲೆಕ್ಕ ಹಾಕಿ, ಆ ಪರೀಕ್ಷೆಯಿಂದ ಉಳಿಯುವ ದಿನಸಿಗಿಂತ ಅದರ ಖರ್ಚೇ ಹೆಚ್ಚು ಎಂದು ಕಂಡುಕೊಂಡರು. ಚರಿತ್ರೆಯ ಬಗ್ಗೆ ಅವರ ಅಭಿಪ್ರಾಯ ಬದಲಾಗುವವರೆಗೆ ಕಾಯಬೇಕಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಹಸಿದವರು ಬಾಗಿಲಲ್ಲಿ ನಿಂತಿರುವಾಗ ಮತ ಬಿದ್ದದ್ದು ಮುಖ್ಯ.

ಆದದ್ದು

ಹೊಸ ನಿಯಮಗಳು ಸರಳವಾಗಿದ್ದವು. ವಿಳಾಸದ ದಾಖಲೆ ಹೋಯಿತು. ಮನೆಯಲ್ಲಿ ಎಷ್ಟು ಜನ, ಎಷ್ಟು ಸಂಸಾರ ಎಂಬುದನ್ನು ಬಂದವರೇ ಹೇಳುತ್ತಾರೆ. ಚೀಲದ ಬದಲು ಅಂಗಡಿಯಂತೆ ಬೇಕಾದದ್ದನ್ನು ಆರಿಸಿಕೊಳ್ಳುವ ವ್ಯವಸ್ಥೆ ಬಂತು, ಹಲಾಲ್ ಕೋಳಿ ಬಂತು, ವಾರಕ್ಕೊಂದು ಸಂಜೆ ಬಾಗಿಲು ತೆರೆಯಿತು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಕೊನೆಯದು: ಸಡಿಲಿಕೆ ಒಬ್ಬರಿಗೆ ಕೊಟ್ಟರೆ ಅದೇ ದಿನ ಬರೆದಿಡಬೇಕು, ಆ ತಿಂಗಳಿನಿಂದ ಅದು ಎಲ್ಲರಿಗೂ ಅನ್ವಯಿಸಬೇಕು.

ಬೆಲೆಯೂ ತೆರಬೇಕಾಯಿತು. ಕೆಲವು ಹಿರಿಯ ಸ್ವಯಂಸೇವಕರು ಬಿಟ್ಟುಹೋದರು, ಅವರ ಜೊತೆ ಕೆಲವು ದಾನಿಗಳೂ. ಸರದಿ ಬೆಳೆದು ಉಗ್ರಾಣ ಬೇಗ ಬರಿದಾಗತೊಡಗಿದಾಗ ಪ್ರತಿ ಮನೆಗೆ ಸಿಗುವ ಪ್ರಮಾಣ ಇಳಿಸಬೇಕಾಯಿತು. ಹಾಗೆ ಕಡಿಮೆ ಪಡೆದವರಲ್ಲಿ ಹಿಂದೆ ಸಡಿಲಿಕೆ ಅನುಭವಿಸುತ್ತಿದ್ದ ಕಪ್ಪು ಅಜ್ಜಿಯರೂ ಇದ್ದರು, ಅವರ ಅಸಮಾಧಾನಕ್ಕೆ ಕಾರಣವಿತ್ತು. ಸಮಾನತೆಯಿಂದ ಯಾರಿಗೂ ನಷ್ಟವಿಲ್ಲ ಎಂದು ಸಂಸ್ಥೆಗಳಿಗೆ ಭರವಸೆ ಕೊಡುವ ಸಲಹೆಗಾರರು ನಿಜ ಹೇಳುತ್ತಿಲ್ಲ. ಇರುವ ದಿನಸಿ ಅಷ್ಟೇ ಇದ್ದಾಗ ಅದು ಯಾರಿಂದಲೋ ಯಾರಿಗೋ ಹೋಗುತ್ತದೆ. ಅದನ್ನು ಮೊದಲೇ ಹೇಳಿದ್ದರಿಂದಲೇ ಮಂಡಳಿ ಆ ಚಳಿಗಾಲದಲ್ಲಿ ಹಿಂದೆ ಸರಿಯಲಿಲ್ಲ.

ಮಂಡಳಿಯಲ್ಲಿ ದಿನಸಿ ಪಡೆಯುವವರಿಗೆ ಎರಡು ಸ್ಥಾನ ಮೀಸಲಿಟ್ಟ ಪ್ರಯತ್ನ ಮೊದಲ ಸುತ್ತಿನಲ್ಲಿ ಸೋತಿತು. ದಪ್ಪನೆಯ ಇಂಗ್ಲಿಷ್ ಕಡತ, ಕೆಲಸದ ಪಾಳಿಗೆ ಹೊಂದದ ಸಮಯ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ; ಒಬ್ಬರು ಬರುವುದನ್ನೇ ನಿಲ್ಲಿಸಿದರು. ಗೌರವಧನ ಕೊಡಲು ಹೊರಟಾಗ ಅದು ಆದಾಯವೆಂದು ಲೆಕ್ಕಕ್ಕೆ ಬಂದು ಸರ್ಕಾರಿ ನೆರವು ಕಡಿತವಾಗಬಹುದೆಂಬ ತೊಡಕು ಎದುರಾಯಿತು. ಆದ್ದರಿಂದ ಗೌರವಧನವನ್ನು ಬೇಕಾದವರು ಮಾತ್ರ ಪಡೆಯುವಂತೆ ಮಾಡಿ, ಮಕ್ಕಳ ಆರೈಕೆ ಮತ್ತು ಓಡಾಟದ ಖರ್ಚನ್ನು ಸಂಸ್ಥೆಯೇ ನೇರವಾಗಿ ಭರಿಸಿತು. ಎರಡನೆಯ ಸುತ್ತಿನಲ್ಲಿ ಬಂದವರು ಉಳಿದಿದ್ದಾರೆ.

2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ವೈವಿಧ್ಯ ಮತ್ತು ಸಮಾನತೆಯ ಕಾರ್ಯಕ್ರಮಗಳ ವಿರುದ್ಧ ಕಾರ್ಯಾದೇಶಗಳನ್ನು ಹೊರಡಿಸಿದರು. ಅಂಥ ಯಾವುದೇ ಕಾನೂನುಬಾಹಿರ ಕಾರ್ಯಕ್ರಮ ನಡೆಸುತ್ತಿಲ್ಲವೆಂದು ಕೇಂದ್ರ ಸರ್ಕಾರದ ಅನುದಾನ ಪಡೆಯುವವರು ದೃಢೀಕರಿಸಬೇಕೆಂಬ ಷರತ್ತು ಬಂತು. ಅದೇ ವಸಂತದಲ್ಲಿ ಕೃಷಿ ಇಲಾಖೆ ಆಹಾರ ಬ್ಯಾಂಕುಗಳಿಗೆ ಬರಬೇಕಿದ್ದ ಕೆಲವು ಸರಬರಾಜುಗಳನ್ನೂ ರದ್ದುಪಡಿಸಿತು. ಸಂಸ್ಥೆ ವಕೀಲರ ಸಲಹೆಯಂತೆ 2020ರ ಹೇಳಿಕೆಯನ್ನು ತನ್ನ ಜಾಲತಾಣದಿಂದ ತೆಗೆಯಿತು. ಸಮಾನತೆಯ ಹೆಸರಿನ ಅನುದಾನ ನವೀಕರಣವಾಗಲಿಲ್ಲ. ಇದು ನನಗೆ ದುಃಖದ ಸಂಗತಿ. ಬಾಗಿಲಿನ ನಿಯಮಗಳನ್ನು ಮಾತ್ರ ಯಾರೂ ಮುಟ್ಟಬೇಕಾಗಲಿಲ್ಲ, ಏಕೆಂದರೆ ಅವು ಎಲ್ಲರಿಗೂ ಒಂದೇ ಆಗಿದ್ದವು, ಕಾರ್ಯಕ್ರಮ ಮುಖ್ಯಸ್ಥೆಯ ಅಧಿಕಾರ ಹುದ್ದೆಯ ವಿವರಣೆಯಲ್ಲೇ ಬರೆದಿತ್ತು, ಆಕೆಯ ಸಂಬಳವನ್ನು ಅಷ್ಟರಲ್ಲಿ ಸಾಮಾನ್ಯ ಆಯವ್ಯಯಕ್ಕೆ ವರ್ಗಾಯಿಸಲಾಗಿತ್ತು. ಆ ವರ್ಗಾವಣೆಗಾಗಿ ಎರಡನೆಯ ವರ್ಷದಲ್ಲೇ ಒತ್ತಾಯಿಸಿದ್ದು ಖಜಾಂಚಿ.

ಚೀಟಿಯಲ್ಲಿ ಜನಾಂಗದ ಸಾಲು ಇರಬೇಕೇ ಎಂದು ಮಂಡಳಿ ಮತ್ತೆ ಚರ್ಚಿಸಿ, ಸ್ವಇಚ್ಛೆಯ ಮಾಹಿತಿಯಾಗಿ, ಒಟ್ಟು ಮೊತ್ತಗಳಲ್ಲಿ ಮಾತ್ರ ಇಡಲು ತೀರ್ಮಾನಿಸಿತು. ಈಗಿನ ಚೀಟಿಗಳಲ್ಲಿ ಹೆಚ್ಚು ಕಾಣುತ್ತಿರುವುದು ಭಾಷೆಯ ಅಡಚಣೆ. ಇಂಗ್ಲಿಷ್ ಬಾರದವರಿಗೆ ಸೇವೆ ತಲುಪಿಸಬೇಕೆಂದು 2000ದಲ್ಲಿ ಹೊರಟಿದ್ದ ಅಧ್ಯಕ್ಷೀಯ ಆದೇಶ 2025ರ ಮಾರ್ಚ್‌ನಲ್ಲಿ ರದ್ದಾಗಿದೆ, ಆದರೆ ಮೂಲ ದೇಶದ ಆಧಾರದ ತಾರತಮ್ಯವನ್ನು ನಿಷೇಧಿಸುವ 1964ರ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಲ್ಲೇ ಇದೆ. ಸೊಮಾಲಿ ಮತ್ತು ಸ್ಪ್ಯಾನಿಷ್ ದುಭಾಷಿಗಳಿಗೆ ಸದ್ಯ ಹಣವಿದೆ. ಕರೆನ್ ಭಾಷೆಗೆ ಇಲ್ಲ, ಅದನ್ನು ಮುಂದಿನ ವರ್ಷದ ಆಯವ್ಯಯದಲ್ಲಿ ಸೇರಿಸುವ ಪ್ರಸ್ತಾವವನ್ನು ದಿನಸಿ ಪಡೆಯುವವರ ಸ್ಥಾನದಿಂದ ಬಂದ ಸದಸ್ಯೆಯೊಬ್ಬರು ಮಂಡಳಿಯ ಮುಂದಿಟ್ಟಿದ್ದಾರೆ.